ಬಸುರಿಯ ಮರೆವಿಗೆ ನಗುವ ಮುನ್ನ

ಒಲೆಯ ಮೇಲಿಟ್ಟ ಹಾಲು ಉಕ್ಕಿ ಹರಿದರೆ, ಬೀರುವಿನ ಬೀಗದ ಕೈ ಬೆಲ್ಲದ ಡಬ್ಬಿಯಲ್ಲಿ ಸಿಕ್ಕರೆ, ಸೊಸೆ ಬಸುರಿಯೆಂಬುದನ್ನು ನೆನೆದು ಮನೆಮಂದಿಯೆಲ್ಲ ನಕ್ಕು ಸುಮ್ಮನಾಗುತ್ತಾರೆ. ಹೊಟ್ಟೆಯೊಳಗಿನ ಕೂಸು ತಾಯಿಯ ‘ಗ್ಯಾಪಕ’ವನ್ನೂ ಉಣ್ಣುತ್ತದೆ ಎಂದು ಅಜ್ಜಿಯರು ಹೇಳುವುದುಂಟು. ಹೆರಿಗೆಯ ನಂತರ ಅದೇ ಮಾತು ಬಾಣಂತಿಯ ಬೆನ್ನು ಹತ್ತುತ್ತದೆ. ನಗರದ ಕಚೇರಿಗಳಲ್ಲಿ ಇದಕ್ಕೆ ‘ಪ್ರೆಗ್ನೆನ್ಸಿ ಬ್ರೇನ್’ ಎಂಬ ಹೆಸರಿದೆ. ಹೆಸರು ಬೇರೆಯಾದರೂ ನಗೆ ಒಂದೇ. ಈ ನಗೆಯಲ್ಲಿ ದ್ವೇಷವಿಲ್ಲ, ನಿಜ. ಆದರೆ ಅದರ ಹಿಂದೆ ಯಾರೂ ಕೇಳದೆ ಬಿಟ್ಟ ಪ್ರಶ್ನೆಯೊಂದು ಉಳಿದುಹೋಗಿದೆ: ಆಕೆ ಮರೆಯುತ್ತಿರುವುದು ನಿಜವೇ, ನಿಜವಾದರೆ ಏಕೆ?

ತಿಪಟೂರು ತಾಲ್ಲೂಕಿನ ಅರಳಗುಪ್ಪೆಯನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಒಂಬತ್ತನೆಯ ಶತಮಾನದ ಕಲ್ಲೇಶ್ವರ ದೇಗುಲದ ಚಾವಣಿಯಲ್ಲಿ ಅಷ್ಟದಿಕ್ಪಾಲಕರ ನಡುವೆ ಕುಣಿಯುವ ಶಿವನಿಂದಾಗಿ ಕಲಾಭ್ಯಾಸಿಗಳಿಗೆ ಪರಿಚಿತವಾದ ಊರಿದು. ಊರಿನವರ ಬದುಕು ಮಾತ್ರ ತೆಂಗಿನದು. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ಈ ಸೀಮೆಯಲ್ಲಿ ಉಂಡೆ ಕೊಬ್ಬರಿ ಆಗಬೇಕಾದರೆ ಕಾಯಿ ಹತ್ತು–ಹನ್ನೆರಡು ತಿಂಗಳು ಅಟ್ಟದ ಮೇಲೆ ಒಣಗಬೇಕು. ಯಾವ ಕೊಯ್ಲಿನ ಕಾಯಿ ಅಟ್ಟದ ಯಾವ ಮೂಲೆಯಲ್ಲಿದೆ, ಮರ ಹತ್ತುವವನಿಗೆ ಕೊಡಬೇಕಾದ ಬಾಕಿ ಎಷ್ಟು, ಡೇರಿಗೆ ಹಾಕಿದ ಹಾಲಿನ ಲೆಕ್ಕ ಸರಿಯಿದೆಯೇ, ಅತ್ತೆಯ ರಕ್ತದೊತ್ತಡದ ಮಾತ್ರೆ ಮುಗಿಯಿತೇ, ಮಗನ ಶಾಲೆಯ ಸಮವಸ್ತ್ರ ಒಗೆದಾಯಿತೇ ಎಂಬ ನೂರೆಂಟು ಸಂಗತಿಗಳು ಬರಹದಲ್ಲಿ ಇರುವುದಿಲ್ಲ. ಹೆಚ್ಚಿನ ಮನೆಗಳಲ್ಲಿ ಅವು ಇರುವುದು ಒಬ್ಬ ಹೆಂಗಸಿನ ತಲೆಯಲ್ಲಿ. ಆಕೆ ಬಸುರಿಯಾದಾಗ ಈ ಪಟ್ಟಿಯಿಂದ ಒಂದು ಬಾಬತ್ತೂ ಕಡಿಮೆಯಾಗುವುದಿಲ್ಲ. ಹತ್ತು ಹೊಸವು ಸೇರುತ್ತವೆ. ಮರೆತ ಎರಡನ್ನು ಎಣಿಸುವವರು, ನೆನಪಿಟ್ಟ ತೊಂಬತ್ತೆಂಟನ್ನು ಎಣಿಸಿದ್ದು ಕಡಿಮೆ.

ಹಾಗೆಂದು ಮರೆವೆಂಬುದು ಬರಿಯ ಭ್ರಮೆಯಲ್ಲ. 2018ರಲ್ಲಿ ಆಸ್ಟ್ರೇಲಿಯಾದ ಡೀಕಿನ್ ವಿಶ್ವವಿದ್ಯಾಲಯದ ಸಂಶೋಧಕರು ಅದುವರೆಗಿನ 20 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದರು. 709 ಗರ್ಭಿಣಿಯರನ್ನೂ ಗರ್ಭಿಣಿಯರಲ್ಲದ 521 ಮಹಿಳೆಯರನ್ನೂ ಹೋಲಿಸಿದಾಗ, ನೆನಪು ಮತ್ತು ಯೋಜಿಸಿ ಕೆಲಸ ಮಾಡುವ ಸಾಮರ್ಥ್ಯಗಳೆರಡೂ ಗರ್ಭಿಣಿಯರಲ್ಲಿ ತುಸು ಕುಗ್ಗಿದ್ದವು. ಕೊನೆಯ ಮೂರು ತಿಂಗಳಲ್ಲಿ ಈ ವ್ಯತ್ಯಾಸ ಹೆಚ್ಚು ಸ್ಪಷ್ಟವಾಗಿತ್ತು. ಆದರೆ ಕುಗ್ಗಿದ ಮೇಲೂ ಆ ಅಂಕಗಳು ಸಾಮಾನ್ಯರ ಮಿತಿಯೊಳಗೇ ಇದ್ದವೆಂಬುದನ್ನು ಸಂಶೋಧಕರು ಒತ್ತಿ ಹೇಳಿದ್ದಾರೆ. ತನಗೇ ಗೊತ್ತಾಗುವಷ್ಟು, ಹತ್ತಿರದವರ ಕಣ್ಣಿಗೆ ಬೀಳುವಷ್ಟು ಬದಲಾವಣೆ ಅದು, ಕೆಲಸ ಕೆಡುವಷ್ಟಲ್ಲ. ಅದೇ ದೇಶದ ಇನ್ನೊಂದು ತಂಡ 2010ರಲ್ಲಿ ಪ್ರಕಟಿಸಿದ ಅಧ್ಯಯನ ಇದಕ್ಕೂ ಮುಂದೆ ಹೋಗಿತ್ತು. ಯುವತಿಯರನ್ನು ಗರ್ಭಧಾರಣೆಗೆ ಮೊದಲೇ ಪರೀಕ್ಷಿಸಿ, ವರ್ಷಗಳ ನಂತರ ಮತ್ತೆ ಪರೀಕ್ಷಿಸಿದ ಆ ತಂಡಕ್ಕೆ ತಾಯಂದಿರಲ್ಲೂ ಗರ್ಭಿಣಿಯರಲ್ಲೂ ಹೇಳಿಕೊಳ್ಳುವಂಥ ಕುಸಿತವೇ ಕಾಣಲಿಲ್ಲ.

ಈ ಭಿನ್ನಾಭಿಪ್ರಾಯಕ್ಕೆ ಒಂದು ಕಾರಣ, ನೆನಪೆಂಬುದು ಒಂದೇ ವಸ್ತುವಲ್ಲ ಎಂಬುದು. ಹೇಳಿಕೊಟ್ಟ ಪದಗಳನ್ನು ಮತ್ತೆ ಒಪ್ಪಿಸುವುದು ಒಂದು ಬಗೆಯ ನೆನಪು. ನಾಳೆ ಹತ್ತು ಗಂಟೆಗೆ ಮಾಡಬೇಕಾದ ಕೆಲಸವನ್ನು ನಾಳೆ ಹತ್ತು ಗಂಟೆಗೇ ನೆನೆಯುವುದು ಇನ್ನೊಂದು. ಪ್ರಯೋಗಾಲಯದ ಶಾಂತ ಕೊಠಡಿಯಲ್ಲಿ ಗರ್ಭಿಣಿಯರು ಇತರರಿಗೆ ಸಮನಾಗಿ ಉತ್ತರಿಸಿ, ಮನೆಯ ದಿನಚರಿಯ ನಡುವೆ ಮಾಡಲು ಕೊಟ್ಟ ಕೆಲಸಗಳಲ್ಲಿ ಹಿಂದೆ ಬಿದ್ದದ್ದನ್ನು ಕೆಲವು ಅಧ್ಯಯನಗಳು ಗುರುತಿಸಿವೆ. ಇದು ನನಗೆ ಬಹಳ ಅರ್ಥಪೂರ್ಣವಾಗಿ ಕಾಣುತ್ತದೆ. ಮರೆವು ಎಷ್ಟರಮಟ್ಟಿಗೆ ಮಿದುಳಿನದು, ಎಷ್ಟರಮಟ್ಟಿಗೆ ಮನೆಯದು ಎಂದು ಕೇಳಲು ಅದು ಅವಕಾಶ ಕೊಡುತ್ತದೆ.

ಮಿದುಳಿನ ಪಾಲನ್ನು ಮೊದಲು ನೋಡೋಣ. ಗರ್ಭಾವಸ್ಥೆಯಲ್ಲಿ ಈಸ್ಟ್ರೋಜನ್, ಪ್ರೊಜೆಸ್ಟರಾನ್ ಹಾರ್ಮೋನುಗಳು ಹೆಣ್ಣಿನ ಬದುಕಿನ ಬೇರೆ ಯಾವ ಕಾಲದಲ್ಲೂ ಕಾಣದ ಮಟ್ಟಕ್ಕೇರುತ್ತವೆ. ಮಾಸು ಬಿದ್ದ ಕೆಲವೇ ದಿನಗಳಲ್ಲಿ ಪಾತಾಳಕ್ಕಿಳಿಯುತ್ತವೆ. ಇದರ ಗುರುತು ಮಿದುಳಿನ ಮೇಲೆ ಬೀಳುತ್ತದೆಂಬುದನ್ನು 2016ರ ಡಿಸೆಂಬರ್‌ನಲ್ಲಿ ಎಲ್ಸೆಲೀನ್ ಹುಕ್ಸೆಮಾ ಮತ್ತು ಅವರ ಸ್ಪೇನ್‌ನ ಸಹೋದ್ಯೋಗಿಗಳು ತೋರಿಸಿಕೊಟ್ಟರು. ಮೊದಲ ಬಾರಿಗೆ ತಾಯಂದಿರಾದ 25 ಮಹಿಳೆಯರ ಮಿದುಳನ್ನು ಗರ್ಭಧಾರಣೆಗೆ ಮುನ್ನ ಮತ್ತು ಹೆರಿಗೆಯ ನಂತರ ಎಂಆರ್‌ಐ ಯಂತ್ರದಲ್ಲಿ ನೋಡಿದಾಗ, ಬೂದು ದ್ರವ್ಯದ ಗಾತ್ರ ಕೆಲವು ನಿರ್ದಿಷ್ಟ ಭಾಗಗಳಲ್ಲಿ ತಗ್ಗಿತ್ತು. ಮತ್ತೊಬ್ಬರ ಮನಸ್ಸನ್ನು ಅರಿಯಲು ನೆರವಾಗುವ ಭಾಗಗಳು ಅವು. ಬದಲಾವಣೆ ಎಷ್ಟು ಖಚಿತವಾಗಿತ್ತೆಂದರೆ, ಅದನ್ನಷ್ಟೇ ನೋಡಿ ಯಾರು ತಾಯಿ, ಯಾರು ಅಲ್ಲ ಎಂದು ಕಂಪ್ಯೂಟರ್ ಬೇರ್ಪಡಿಸಬಲ್ಲದಾಗಿತ್ತು. ತಂದೆಯರಲ್ಲಿ ಈ ಬದಲಾವಣೆ ಇರಲಿಲ್ಲ. ಎರಡು ವರ್ಷಗಳ ನಂತರವೂ ಅದು ಬಹುಪಾಲು ಉಳಿದಿತ್ತು. ನೆನಪಿಗೆ ಮುಖ್ಯವಾದ ಹಿಪೊಕ್ಯಾಂಪಸ್ ಮಾತ್ರ ಭಾಗಶಃ ಚೇತರಿಸಿಕೊಂಡಿತ್ತು.

‘ತಗ್ಗಿತು’ ಎಂಬ ಪದ ಕೇಳಿ ಗಾಬರಿಯಾಗಬೇಕಿಲ್ಲ. ಇದೇ ಮಹಿಳೆಯರನ್ನು ನೆನಪಿನ ಪರೀಕ್ಷೆಗೊಡ್ಡಿದಾಗ ಕುಸಿತ ಕಂಡುಬರಲಿಲ್ಲ. ಹದಿಹರೆಯದಲ್ಲೂ ಬೂದು ದ್ರವ್ಯ ಹೀಗೆಯೇ ತಗ್ಗುತ್ತದೆ. ಅದನ್ನು ನಾವು ಬೆಳವಣಿಗೆ ಎನ್ನುತ್ತೇವೆ. ತೋಟ ಬಲ್ಲವರು ಒಣಗರಿ ಕಿತ್ತ ಮರವನ್ನು ಬಡವಾಯಿತೆಂದು ಹೇಳುವುದಿಲ್ಲ. ಮಿದುಳಿನಲ್ಲಿ ನಡೆಯುವುದೂ ಇಂಥದೇ ಅಚ್ಚುಕಟ್ಟು ಇರಬಹುದೆಂಬುದು ಸಂಶೋಧಕರ ಊಹೆ. 2024ರ ಸೆಪ್ಟೆಂಬರ್‌ನಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನ ಒಬ್ಬರೇ ಮಹಿಳೆಯನ್ನು ಕುರಿತದ್ದು. ಕ್ಯಾಲಿಫೋರ್ನಿಯಾದ ನರವಿಜ್ಞಾನಿ ಎಲಿಜಬೆತ್ ಕ್ರಾಸ್ಟಿಲ್ ಗರ್ಭಧಾರಣೆಗೆ ಮೊದಲಿನಿಂದ ಹೆರಿಗೆಯಾಗಿ ಎರಡು ವರ್ಷವಾಗುವವರೆಗೆ 26 ಬಾರಿ ತಮ್ಮ ಮಿದುಳನ್ನೇ ಸ್ಕ್ಯಾನ್‌ಗೆ ಒಡ್ಡಿಕೊಂಡರು. ಬೂದು ದ್ರವ್ಯ ವಾರದಿಂದ ವಾರಕ್ಕೆ ಇಳಿಯುತ್ತಿದ್ದಾಗಲೇ, ಮಿದುಳಿನ ಭಾಗಗಳನ್ನು ಬೆಸೆಯುವ ಬಿಳಿ ದ್ರವ್ಯದ ಹೆಣಿಗೆ ಗರ್ಭದ ನಡುವಿನ ತಿಂಗಳುಗಳಲ್ಲಿ ಬಲವಾಗಿ, ಹೆರಿಗೆಯ ಹೊತ್ತಿಗೆ ಮೊದಲಿನಂತಾಗಿತ್ತು. ಇನ್ನೂ ಹಿಂದೆ, 1999ರಲ್ಲಿ, ಅಮೆರಿಕದ ಕ್ರೇಗ್ ಕಿನ್‌ಸ್ಲಿ ಮತ್ತು ಸಂಗಡಿಗರು ಮರಿ ಹಾಕಿದ ಇಲಿಗಳು ಮರಿ ಹಾಕದವಕ್ಕಿಂತ ಚುರುಕಾಗಿ ಆಹಾರವಿರುವ ಜಾಗವನ್ನು ನೆನಪಿಟ್ಟು ಹುಡುಕುತ್ತವೆ ಎಂದು ತೋರಿಸಿದ್ದರು. ಇಲಿಗೂ ಹೆಂಗಸಿಗೂ ಹೋಲಿಕೆ ಅಷ್ಟಕ್ಕಷ್ಟೆ. ಆದರೂ ತಾಯ್ತನವೆಂದರೆ ಬುದ್ಧಿಯ ಇಳಿಗಾಲ ಎಂಬ ಹಗುರ ಮಾತಿಗೆ ಅದು ಅಂದೇ ತಡೆಯೊಡ್ಡಿತ್ತು.

ಇನ್ನು ಮನೆಯ ಪಾಲು. ಮಿದುಳಿನ ಬದಲಾವಣೆಯನ್ನು ನಾವು ತಡೆಯಲಾರೆವು, ತಡೆಯಬೇಕಾಗಿಯೂ ಇಲ್ಲ. ಆದರೆ ಮರೆವಿನ ಹೆಸರಿನಲ್ಲಿ ಓಡಾಡುವ ಬೇರೆ ಹಲವನ್ನು ತಡೆಯಬಹುದು. ಮೊದಲನೆಯದು ನಿದ್ದೆಗೇಡು. ಎರಡು ತಾಸಿಗೊಮ್ಮೆ ಎದ್ದು ಹಾಲೂಡಿಸುವವಳಿಗೆ ಒಂದೇ ಸಮನೆ ನಿದ್ದೆಯಿಲ್ಲ. ಕಲಿತದ್ದು ಮನಸ್ಸಿನಲ್ಲಿ ಗಟ್ಟಿಯಾಗುವುದು ನಿದ್ದೆಯಲ್ಲೇ. ನಿದ್ದೆಗೆಟ್ಟ ಗಂಡಸನ್ನೂ ಇದೇ ಪರೀಕ್ಷೆಗೆ ಕೂರಿಸಿದರೆ ಫಲಿತಾಂಶ ಏನಾಗುತ್ತದೆಂದು ಬೇರೆ ಹೇಳಬೇಕಿಲ್ಲ.

ಎರಡನೆಯದು ರಕ್ತಹೀನತೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ ಗರ್ಭಿಣಿಯರಲ್ಲಿ ನೂರಕ್ಕೆ 52 ಮಂದಿ ರಕ್ತಹೀನರು. ಕರ್ನಾಟಕದಲ್ಲಿ ಸುಮಾರು 46. ಕಬ್ಬಿಣಾಂಶ ಕಡಿಮೆಯಾದಾಗ ಮೈ ಸೋಲುತ್ತದೆ, ಮನಸ್ಸು ಒಂದೆಡೆ ನಿಲ್ಲುವುದಿಲ್ಲ. ಮನಸ್ಸು ನಿಲ್ಲದೆಡೆ ನೆನಪು ಕೂರುವುದೆಲ್ಲಿ? ಬಿ12 ಜೀವಸತ್ವದ ಕತೆಯೂ ಇದೇ, ಆದರೆ ಅದರ ಮಾತು ಹಳ್ಳಿಗಳಲ್ಲಿ ಇನ್ನೂ ಅಪರೂಪ. ಮೈಸೂರಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆಯಲ್ಲಿ 1997–98ರಲ್ಲಿ ಗರ್ಭಿಣಿಯರ ರಕ್ತವನ್ನು ಸಂಗ್ರಹಿಸಿ ನಡೆಸಿದ ಅಧ್ಯಯನದಲ್ಲಿ, ಪರೀಕ್ಷೆಗೊಳಗಾದ 785 ಮಂದಿಯ ಪೈಕಿ ನೂರಕ್ಕೆ 43ರಷ್ಟು ಮಹಿಳೆಯರಲ್ಲಿ ಬಿ12 ಕೊರತೆ ಕಂಡುಬಂದಿತ್ತು. ಫೋಲೇಟ್ ಕೊರತೆಯಿದ್ದವರು ನೂರಕ್ಕೆ ನಾಲ್ವರು ಮಾತ್ರ. ಮಾಂಸ, ಮೊಟ್ಟೆ, ಹಾಲುಗಳು ತಟ್ಟೆಯಲ್ಲಿ ಕಡಿಮೆಯಾದಷ್ಟೂ ಬಿ12 ಕಡಿಮೆ. ಹಾಲೆಲ್ಲ ಡೇರಿಗೆ ಹೋಗುವ ಮನೆಯಲ್ಲಿ ಬಸುರಿಯ ಲೋಟಕ್ಕೆ ಎಷ್ಟು ಉಳಿಯಿತೆಂಬುದು ವೈದ್ಯಶಾಸ್ತ್ರದ ಪ್ರಶ್ನೆಯಾಗುವುದು ಇಲ್ಲಿ. ತೀವ್ರ ಕೊರತೆ ನರಗಳನ್ನೂ ನೆನಪನ್ನೂ ಬಾಧಿಸಬಲ್ಲದು. ಒಂದು ರಕ್ತಪರೀಕ್ಷೆ, ಕೆಲವು ಚುಚ್ಚುಮದ್ದು ಇಲ್ಲವೇ ಮಾತ್ರೆಗಳಲ್ಲಿ ಅದನ್ನು ಸರಿಪಡಿಸಬಹುದು. ಹೆರಿಗೆಯ ನಂತರದ ಥೈರಾಯ್ಡ್ ಉರಿಯೂತವೂ ಹೀಗೆಯೇ. ನೂರು ಬಾಣಂತಿಯರಲ್ಲಿ ಸರಿಸುಮಾರು ಐವರಿಗೆ ಅದು ಬರುತ್ತದೆ. ದಣಿವು, ಮಂಕು, ಮರೆವು ಅದರ ಲಕ್ಷಣಗಳು. ಬಾಣಂತಿಗೆ ಇವೆಲ್ಲ ಸಹಜವೆಂದು ಬಿಟ್ಟರೆ ಕಾಯಿಲೆ ಹೆಸರಿಲ್ಲದೆ ಉಳಿದುಬಿಡುತ್ತದೆ.

ಮೂರನೆಯದು ಹೇಳಿಕೊಳ್ಳಲಾಗದ್ದು. ವಿಶ್ವ ಆರೋಗ್ಯ ಸಂಸ್ಥೆಯ ಪತ್ರಿಕೆಯಲ್ಲಿ 2017ರಲ್ಲಿ ಪ್ರಕಟವಾದ ವಿಶ್ಲೇಷಣೆಯೊಂದು ಭಾರತದ 38 ಅಧ್ಯಯನಗಳನ್ನು, ಇಪ್ಪತ್ತು ಸಾವಿರಕ್ಕೂ ಹೆಚ್ಚು ತಾಯಂದಿರನ್ನು ಪರಿಗಣಿಸಿ, ಹೆರಿಗೆಯ ನಂತರ ಖಿನ್ನತೆಗೆ ಒಳಗಾಗುವವರು ನೂರಕ್ಕೆ 22 ಎಂದು ಅಂದಾಜಿಸಿತು. ಐದು ಬಾಣಂತಿಯರಲ್ಲಿ ಒಬ್ಬಳು! ಖಿನ್ನತೆ ಯಾವಾಗಲೂ ಅಳುವಿನ ರೂಪದಲ್ಲಿ ಬರುವುದಿಲ್ಲ. ‘ಏನೂ ನೆನಪೇ ಇರೋದಿಲ್ಲ ಅಕ್ಕಾ, ತಲೆ ಓಡೋದಿಲ್ಲ’ ಎಂಬ ದೂರಿನ ವೇಷದಲ್ಲಿಯೂ ಬರುತ್ತದೆ. ‘ಬೇಸರ’ ಎಂದರೆ ಮಗು ಹುಟ್ಟಿದ ಮನೆಯಲ್ಲಿ ಅಪಶಕುನ. ‘ಮರೆವು’ ಎಂದರೆ ತಮಾಷೆ. ಹೆಣ್ಣು ಮಗುವೆಂದು ಮುಖ ಸಿಂಡರಿಸಿದ ಮನೆಯಲ್ಲಂತೂ ಆಕೆಗೆ ಉಳಿಯುವುದು ಈ ಎರಡನೆಯ ಮಾತೇ. ತಮಾಷೆಯ ಮಾತನ್ನು ತಮಾಷೆಯಾಗಿಯೇ ಸ್ವೀಕರಿಸಿದಾಗ ಆಕೆಯ ಒಂದೇ ಒಂದು ಬಾಗಿಲೂ ಮುಚ್ಚುತ್ತದೆ. ಎಡಿನ್‌ಬರೋದಲ್ಲಿ 1987ರಲ್ಲಿ ರೂಪುಗೊಂಡ ಹತ್ತು ಪ್ರಶ್ನೆಗಳ ಪಟ್ಟಿಯೊಂದು ಈ ಖಿನ್ನತೆಯನ್ನು ಗುರುತಿಸಲು ಜಗತ್ತಿನಾದ್ಯಂತ ಬಳಕೆಯಲ್ಲಿದೆ. ಅದರ ಕನ್ನಡ ರೂಪವೂ ಇದೆ. ಕೇಳಿ ಮುಗಿಸಲು ಐದಾರು ನಿಮಿಷ ಸಾಕು.

ಇದಕ್ಕಿಂತ ಅಪರೂಪದ, ಆದರೆ ಭಯಂಕರವಾದ ಸ್ಥಿತಿಯನ್ನು ನಮ್ಮ ಹಿರಿಯರು ‘ಬಾಣಂತಿ ಸನ್ನಿ’ ಎಂದು ಕರೆದರು. ಸಾವಿರ ಹೆರಿಗೆಗಳಲ್ಲಿ ಒಂದೆರಡರಲ್ಲಿ, ಸಾಮಾನ್ಯವಾಗಿ ಮೊದಲ ಎರಡು ವಾರಗಳಲ್ಲೇ ಅದು ಕಾಣಿಸಿಕೊಳ್ಳುತ್ತದೆ. ದಿನ, ಹೊತ್ತು, ಜನರ ಗುರುತು ಹತ್ತದ ಗೊಂದಲ, ನಿದ್ದೆಯೇ ಬಾರದಿರುವುದು, ಇಲ್ಲದ್ದನ್ನು ಕಾಣುವುದು ಇವೆಲ್ಲ ಅದರ ಚಿಹ್ನೆಗಳು. ಇದು ಮರೆವಲ್ಲ, ಗಾಳಿ ಸೋಕಿದ್ದೂ ಅಲ್ಲ. ಅದೇ ದಿನ ಆಸ್ಪತ್ರೆಗೆ ಹೋಗಬೇಕಾದ ತುರ್ತು. ತಾಯಿಯನ್ನು ಮಗುವಿನಿಂದ ಬೇರ್ಪಡಿಸದೆ ಇಬ್ಬರನ್ನೂ ಒಟ್ಟಿಗೆ ದಾಖಲಿಸಿಕೊಂಡು ಚಿಕಿತ್ಸೆ ನೀಡುವ ಘಟಕವನ್ನು ಬೆಂಗಳೂರಿನ ನಿಮ್ಹಾನ್ಸ್ 2009ರಲ್ಲಿ ತೆರೆಯಿತು. ದೇಶದಲ್ಲಿ ಅಂಥದು ಅದೇ ಮೊದಲು. ಅಲ್ಲಿಗೆ ತಲುಪುವವರು ಬಹಳವಿಲ್ಲ. ತಲುಪುವ ಮುನ್ನ ಮಂತ್ರವಾದಿಯ ಮನೆ ಸಿಗುತ್ತದೆ.

ಮರೆವಿನ ಬಗ್ಗೆ ಕನ್ನಡದಲ್ಲಿ ಇನ್ನೊಂದು ಹಳೆಯ ಮಾತಿದೆ: ಪ್ರಸವ ವೈರಾಗ್ಯ. ಹೆರಿಗೆ ನೋವಿನಲ್ಲಿ ‘ಇನ್ನೆಂದಿಗೂ ಬೇಡ’ ಎಂದವಳು ಮಗುವಿನ ಮುಖ ಕಂಡು ಎಲ್ಲವನ್ನೂ ಮರೆಯುತ್ತಾಳೆಂಬುದು ಅದರ ಭಾವ. ಈ ಮಾತನ್ನು ರೂಢಿಗೆ ತಂದವರು ಹೆತ್ತವರಾಗಿರಲಾರರು ಎಂಬ ಗುಮಾನಿ ನನ್ನದು. ಸ್ವೀಡನ್‌ನಲ್ಲಿ ಸಾವಿರಕ್ಕೂ ಹೆಚ್ಚು ತಾಯಂದಿರನ್ನು ಹೆರಿಗೆಯಾದ ಎರಡು ತಿಂಗಳಿಗೆ, ಒಂದು ವರ್ಷಕ್ಕೆ, ಐದು ವರ್ಷಕ್ಕೆ ಕೇಳಿ ನೋಡಿದ ಅಧ್ಯಯನವೊಂದು 2009ರಲ್ಲಿ ಪ್ರಕಟವಾಯಿತು. ಸುಮಾರು ಅರ್ಧದಷ್ಟು ಮಂದಿಯಲ್ಲಿ ನೋವಿನ ನೆನಪು ಮಾಸಿತ್ತು. ಹೆರಿಗೆಯ ಅನುಭವವೇ ಕಹಿಯಾಗಿದ್ದವರಲ್ಲಿ ಮಾತ್ರ ಅದು ಹಾಗೆಯೇ ಇತ್ತು. ಹೆರಿಗೆ ಕೋಣೆಯಲ್ಲಿ ಗದರಿಸಿಕೊಂಡದ್ದನ್ನು, ಬಾಗಿಲ ಹೊರಗೆ ಅವ್ವ ನಿಂತಿದ್ದರೂ ಒಳಗೆ ಒಂಟಿಯಾಗಿ ಮಲಗಿದ್ದನ್ನು ಐವತ್ತು ದಾಟಿದ ಹೆಂಗಸರು ನಿನ್ನೆ ನಡೆದಂತೆ ಹೇಳುವುದನ್ನು ಯಾರು ಕೇಳಿಲ್ಲ? ಇದೇ ತುಮಕೂರು ಜಿಲ್ಲೆಯ ಪಾವಗಡ ತಾಲ್ಲೂಕಿನ ಸೂಲಗಿತ್ತಿ ನರಸಮ್ಮ ಹದಿನೈದು ಸಾವಿರಕ್ಕೂ ಹೆಚ್ಚು ಹೆರಿಗೆ ಮಾಡಿಸಿದವರೆಂದು ಖ್ಯಾತರಾಗಿ, 2018ರಲ್ಲಿ ಪದ್ಮಶ್ರೀ ಪಡೆದು, ಅದೇ ವರ್ಷದ ಡಿಸೆಂಬರ್ 25ರಂದು ತೀರಿಕೊಂಡರು. ಮನೆಯ ಹೆರಿಗೆಗೆ ಮರಳಬೇಕೆಂದು ನಾನು ಹೇಳುತ್ತಿಲ್ಲ. ಆಸ್ಪತ್ರೆಯ ಹೆರಿಗೆ ಉಳಿಸಿದ ಜೀವಗಳು ಲೆಕ್ಕವಿಲ್ಲದಷ್ಟು. ಆದರೆ ಸೂಲಗಿತ್ತಿಯ ಕಾಲದಲ್ಲಿ ಹೆರುವವಳ ಪಕ್ಕದಲ್ಲಿ ಗುರುತಿನ ಮುಖವೊಂದು ಇತ್ತು. ಸರ್ಕಾರಿ ಆಸ್ಪತ್ರೆಗಳಲ್ಲಿ ಹೆರುವವಳ ಜೊತೆಗೆ ಒಬ್ಬ ಹೆಂಗಸು ಇರಬಹುದೆಂದು ಕೇಂದ್ರ ಸರ್ಕಾರ ಒಪ್ಪಿದ್ದು 2016ರಲ್ಲಿ.

ಬಾಣಂತನವೆಂಬ ನಮ್ಮ ಪದ್ಧತಿಯನ್ನೂ ಈ ಬೆಳಕಿನಲ್ಲಿ ನೋಡಬೇಕು. ಕತ್ತಲೆ ಕೋಣೆ, ನೀರು ಕುಡಿಯಗೊಡದ ಕಟ್ಟುಪಾಡು, ಹಣ್ಣು–ತರಕಾರಿಗಳ ನಿಷೇಧಗಳನ್ನು ಸಮರ್ಥಿಸುವುದು ಸಾಧ್ಯವಿಲ್ಲ. ಹಾಲೂಡಿಸುವವಳಿಗೆ ಅವು ಅಪಕಾರಿ. ಆದರೆ ಅದರ ತಿರುಳು ಬೇರೆ. ಮೊದಲ ಹೆರಿಗೆಗೆ ತವರಿಗೆ ಬಂದವಳಿಗೆ ಕೆಲವು ವಾರ ಏನನ್ನೂ ನೆನಪಿಡುವ ಹೊಣೆ ಇರಲಿಲ್ಲ. ಎಣ್ಣೆ–ನೀರಿನ ಹೊತ್ತು ಅವ್ವನಿಗೆ ಗೊತ್ತಿತ್ತು, ಮಗುವಿನ ಹಾಲಿನ ಹೊತ್ತು ಅಜ್ಜಿಗೆ ಗೊತ್ತಿತ್ತು. ಕೊಬ್ಬರಿ ತುರಿದು, ಅಂಟು ಹುರಿದು, ಬೆಲ್ಲ ಸೇರಿಸಿ ಕಟ್ಟಿದ ಅಂಟಿನುಂಡೆ ಹೊತ್ತಿಗೆ ಸರಿಯಾಗಿ ಕೈಗೆ ಬರುತ್ತಿತ್ತು. ಅಂದರೆ ಆಕೆಯ ನೆನಪಿನ ಹೊರೆಯನ್ನು ಮೂರು ಜನ ಹಂಚಿಕೊಂಡಿದ್ದರು. ತವರಿನಲ್ಲಿಯೂ ಕೈಗಳು ಕಡಿಮೆಯಾದ ಈ ದಿನಗಳಲ್ಲಿ, ಎರಡನೆಯ ಹೆರಿಗೆಗೆ ಗಂಡನ ಮನೆಯಲ್ಲೇ ಉಳಿದವಳ ಪಾಲಿಗೆ, ನಿಷೇಧಗಳು ಉಳಿದವು, ಹಂಚಿಕೆ ಹೋಯಿತು. ಇನ್ನು ರಜೆಯ ಮಾತು. 2017ರ ತಿದ್ದುಪಡಿ ಹೆರಿಗೆ ರಜೆಯನ್ನು 26 ವಾರಗಳಿಗೆ ಏರಿಸಿದ್ದು ಸಂಘಟಿತ ವಲಯದ ನೌಕರರಿಗೆ. ಕಾಯಿ ಹೆಕ್ಕುವ, ಕೊಬ್ಬರಿ ಬಿಡಿಸುವ ಕೂಲಿ ಹೆಂಗಸಿಗೆ ಅದು ಅನ್ವಯಿಸುವುದಿಲ್ಲ.

ಹೊರೆ ಹಂಚಿಕೊಳ್ಳಬೇಕಾದ ಸರ್ಕಾರಿ ವ್ಯವಸ್ಥೆಯೋ, ಬಸುರಿಯ ಮೇಲೆ ಹೊಸ ಹೊರೆ ಹೇರುತ್ತದೆ. ಆರೋಗ್ಯ ಕೇಂದ್ರದಲ್ಲಿ ಆಕೆಗೆ ಎದುರಾಗುವ ಮೊದಲ ಪ್ರಶ್ನೆಯೇ ನೆನಪಿನ ಪರೀಕ್ಷೆ: ಕಡೆಯ ಸಲ ಮುಟ್ಟಾದ ದಿನ ಯಾವುದು? ಉತ್ತರ ಶಿವರಾತ್ರಿಯ ಆಚೆಯೋ ಯುಗಾದಿಯ ಈಚೆಯೋ ಎಂಬ ಲೆಕ್ಕದಲ್ಲಿ ಬರುತ್ತದೆ. ಹೆರಿಗೆಯ ದಿನಾಂಕ ಅದರ ಮೇಲೆ ನಿಲ್ಲುತ್ತದೆ. ಅಲ್ಲಿಂದ ಮುಂದೆ ಗರ್ಭಿಣಿಯಾಗಿ 180 ದಿನ, ಬಾಣಂತಿಯಾಗಿ 180 ದಿನ ದಿನಕ್ಕೊಂದು ಕಬ್ಬಿಣಾಂಶದ ಮಾತ್ರೆ, ಸ್ಕ್ಯಾನಿನ ದಿನ, ಚುಚ್ಚುಮದ್ದಿನ ದಿನ, ಮಾತೃವಂದನಾ ಯೋಜನೆಯ ಹಣಕ್ಕೆ ಆಧಾರ್, ಬ್ಯಾಂಕ್ ಪುಸ್ತಕ. ಎಲ್ಲಕ್ಕಿಂತ ಮಿಗಿಲಾಗಿ ತಾಯಿ ಕಾರ್ಡು. 2022ರ ನವೆಂಬರ್ ಮೊದಲ ವಾರದಲ್ಲಿ ತುಮಕೂರಿನ ಜಿಲ್ಲಾ ಆಸ್ಪತ್ರೆಗೆ ನೋವು ತಿನ್ನುತ್ತ ಬಂದ ಮಹಿಳೆಯೊಬ್ಬರು ತಾಯಿ ಕಾರ್ಡು, ಆಧಾರ್ ಇಲ್ಲವೆಂಬ ಕಾರಣಕ್ಕೆ ದಾಖಲಾಗದೆ ಮನೆಗೆ ಮರಳಿ, ಅವಳಿ ಶಿಶುಗಳೊಂದಿಗೆ ಸತ್ತರೆಂಬ ಸುದ್ದಿ ರಾಜ್ಯವನ್ನು ನಡುಗಿಸಿತ್ತು. ವೈದ್ಯೆಯೂ ಶುಶ್ರೂಷಕಿಯರೂ ಅಮಾನತಾದರು. ಆ ಮಹಿಳೆ ಏನನ್ನೂ ಮರೆತಿರಲಿಲ್ಲ. ಅವರ ಬಳಿ ಕಾರ್ಡು ಇರಲೇ ಇಲ್ಲ. ಆದರೆ ಕಾಗದ ಕೈಯಲ್ಲಿಲ್ಲದ ಹೆಂಗಸಿಗೆ ಏನು ಕಾದಿರಬಹುದೆಂಬುದನ್ನು ಜಿಲ್ಲೆಯ ಪ್ರತಿ ಬಸುರಿಯೂ ಅಂದು ಕಲಿತಳು. ಕಾರ್ಡು ಮರೆತು ಅರ್ಧ ದಾರಿಯಿಂದ ಹಿಂದಿರುಗುವವಳನ್ನು ನೋಡಿ ನಗುವವರು ಇದನ್ನೂ ನೆನೆಯಬೇಕು.

ಬೇರೆ ದಾರಿ ಇಲ್ಲವೆಂದಲ್ಲ. 2017ರ ಅಕ್ಟೋಬರ್ 2ರಂದು ರಾಜ್ಯದಾದ್ಯಂತ ಆರಂಭವಾದ ಮಾತೃಪೂರ್ಣ ಯೋಜನೆಯಲ್ಲಿ ಗರ್ಭಿಣಿಯರಿಗೂ ಬಾಣಂತಿಯರಿಗೂ ಅಂಗನವಾಡಿಯಲ್ಲೇ ಬಿಸಿಯೂಟ, ಮೊಟ್ಟೆ, ಹಾಲು ಕೊಟ್ಟು, ಊಟದ ಜೊತೆಗೆ ಮಾತ್ರೆಯನ್ನೂ ಅಲ್ಲಿಯೇ ನುಂಗಿಸುವ ಏರ್ಪಾಡಿತ್ತು. ತುಂಬು ಬಸುರಿ ದೂರ ನಡೆಯಬೇಕೆಂಬ, ಬಾಣಂತಿ ಹೊಸಿಲು ದಾಟಲಾರಳೆಂಬ ಟೀಕೆಗಳು ಸರಿಯಾದವೇ. ಆದರೂ ಮಾತ್ರೆಯ ನೆನಪು ಆಕೆಯದಲ್ಲ, ಅಂಗನವಾಡಿಯದು ಎಂಬ ಅದರ ಹಿಂದಿನ ವಿಚಾರ ಉಳಿಸಿಕೊಳ್ಳಲು ಯೋಗ್ಯವಾದದ್ದು.

ಇನ್ನೊಂದು ಏರ್ಪಾಡು ಈಗಾಗಲೇ ಮನೆಯ ಬಾಗಿಲಿಗೇ ಬರುತ್ತಿದೆ. ಆಸ್ಪತ್ರೆಯಲ್ಲಿ ಹೆತ್ತು ಬಂದವಳ ಮನೆಗೆ ಆಶಾ ಕಾರ್ಯಕರ್ತೆ ಆರು ಬಾರಿ ಹೋಗಬೇಕು: 3, 7, 14, 21, 28 ಮತ್ತು 42ನೆಯ ದಿನ. ಆ ಭೇಟಿಗಳ ಮುಖ್ಯ ಗಮನ ಶಿಶುವಿನ ತೂಕ, ಮೈ ಬಿಸಿ, ಹೊಕ್ಕುಳು, ಹಾಲು ಕುಡಿಯುವ ಬಗೆ. ಅದೇ ಆರು ಭೇಟಿಗಳಲ್ಲಿ ತಾಯಿಯನ್ನು ಪಕ್ಕಕ್ಕೆ ಕರೆದು, ಅತ್ತೆಯ ಕಿವಿಗೆ ಬೀಳದಂತೆ, ‘ನಿದ್ದೆ ಎಷ್ಟು ಬರುತ್ತೆ? ಮರೆವು ಹೆಚ್ಚಾಗಿದೆಯಾ? ಮನಸ್ಸಿಗೆ ಹೇಗಿದೆ?’ ಎಂದು ಕೇಳಲು ಹೊಸ ಹುದ್ದೆ ಬೇಕಿಲ್ಲ, ಹೊಸ ಕಟ್ಟಡ ಬೇಕಿಲ್ಲ. ಉತ್ತರ ಕಳವಳಕಾರಿಯಾಗಿದ್ದರೆ ಹಿಮೋಗ್ಲೋಬಿನ್, ಥೈರಾಯ್ಡ್ ಪರೀಕ್ಷೆಗೆ ಚೀಟಿ ಬರೆಸಬಹುದು. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿಯ 14416 ಸಂಖ್ಯೆಗೆ ಅಲ್ಲಿಂದಲೇ ಕರೆ ಮಾಡಿಸಬಹುದು. ಕನ್ನಡದಲ್ಲಿ ಮಾತನಾಡುವವರು ಅಲ್ಲಿದ್ದಾರೆ, ಕರೆಗೆ ದುಡ್ಡಿಲ್ಲ. ಇವತ್ತಿಗೆ ಪ್ರತಿ ಭೇಟಿಯಲ್ಲಿ ಮೊದಲು ಹೊರಬರುವುದು ಕೂಸನ್ನು ತೂಗುವ ತಕ್ಕಡಿ. ಕೂಸನ್ನು ತೂಗಿ, ಬರೆದುಕೊಂಡು, ತಕ್ಕಡಿಯನ್ನು ಚೀಲಕ್ಕೆ ಸೇರಿಸುವ ಮುನ್ನ ಈ ಮೂರು ಪ್ರಶ್ನೆಗಳಿಗೆ ಹೊತ್ತು ಉಳಿದೇ ಇರುತ್ತದೆ.